ಮನಸೋತೆನು ಎಂಬ ಮಾತು

ಕೋರ್ಟಿನಲ್ಲಿ ಎಲ್ಲರೂ ಆಕೆಯನ್ನು ಟಕಟಕಮ್ಮ ಎನ್ನುತ್ತಿದ್ದರು, ಎದುರಿಗೇ. ಪೀಠದ ಕೆಳಗೆ ಎಡಗಡೆಯ ಪುಟ್ಟ ಮೇಜಿನಲ್ಲಿ ಕೂತು ಸಾಕ್ಷಿಗಳ ಹೇಳಿಕೆ ಟೈಪ್ ಮಾಡುವುದು ಇಪ್ಪತ್ತಾರು ವರ್ಷದಿಂದ ಆಕೆಯ ಕೆಲಸ. ಸಾಕ್ಷಿ ಬಾಯಿಗೆ ಬಂದ ಹಾಗೆ ಹೇಳುತ್ತಾನೆ. ಸಾಹೇಬರು, ಅಂದರೆ ನ್ಯಾಯಾಧೀಶರು, ಅದನ್ನು ತಿದ್ದಿ ತೀಡಿ ಪುಸ್ತಕದ ಭಾಷೆಯಲ್ಲಿ ಹೇಳುತ್ತಾರೆ. ಸಾಹೇಬರು ಹೇಳಿದ್ದನ್ನು ಟಕಟಕಮ್ಮ ಹೊಡೆಯುತ್ತಾಳೆ. ಸಾಕ್ಷಿಯ ಮಾತು ಕಿವಿಗೆ ಬಿದ್ದರೂ ಕೈಗೆ ಇಳಿಯಬಾರದು. ಮೊದಲ ವಾರದಲ್ಲೇ ಕಲಿತ ಪಾಠ ಅದು.

ಆದರೂ ಕಿವಿ ಸುಮ್ಮನಿರುತ್ತಿರಲಿಲ್ಲ. ಗಂಡು ಹೆಣ್ಣಿನ ಕೇಸು ಬಂದಾಗಂತೂ ಆಕೆ ಒಂದೊಂದು ಪದವನ್ನೂ ತೂಗಿ ನೋಡುತ್ತಿದ್ದಳು. ಒಲಿದೆ ಎಂದರೆ ಅಲ್ಲಿ ಯಾರ ಬಲವಂತವೂ ಇಲ್ಲ. ಮನಸೋತೆ ಎಂದರೆ ಸೋಲು ಉಂಟು, ಆದರೆ ಖುಷಿಯಿಂದ ಸೋತದ್ದು. ಮರುಳಾದೆ ಎಂದರೆ ತಪ್ಪಿನಲ್ಲಿ ಅರ್ಧ ಪಾಲು ತನ್ನದೇ. ಪುಸಲಾಯಿಸಿದ ಎಂದರೆ ತಪ್ಪೆಲ್ಲ ಅವನದು. ಇದನ್ನು ಯಾರೂ ಆಕೆಗೆ ಹೇಳಿಕೊಟ್ಟಿರಲಿಲ್ಲ. ಅತ್ತೆಯ ಬಾಯಲ್ಲಿ ಕೇಳಿ ಕೇಳಿ ತಾನಾಗಿ ಗೊತ್ತಾಗಿತ್ತು. ಬಸ್ ಡಿಪೋದ ಮೆಕ್ಯಾನಿಕ್ಕನನ್ನು ಟಕಟಕಮ್ಮ ಮೆಚ್ಚಿ ಮದುವೆಯಾದ ಮೇಲೆ ಅತ್ತೆ ಸಾಯುವ ತನಕ ಬಂದವರಿಗೆಲ್ಲ ಹೇಳಿದ್ದು ಒಂದೇ ಮಾತು: "ನನ್ನ ಮಗನ್ನ ಬುಟ್ಟಿಗೆ ಹಾಕ್ಕೊಂಡ್ಲು." ಗಂಡ ನಕ್ಕುಬಿಡುತ್ತಿದ್ದ. "ಅಮ್ಮ, ಅವಳು ಬುಟ್ಟಿ ತರೋಕೆ ಮುಂಚೇನೇ ನಾನು ಹೋಗಿ ಕೂತಿದ್ದೆ." ಈಗ ಆ ಗಂಡನೂ ಇಲ್ಲ, ಆರು ವರ್ಷವಾಯಿತು.

ಆ ವರ್ಷ ಬೇಸಿಗೆಯಲ್ಲಿ ಒಂದು ಕೇಸು ಬಂತು. ದೂರು ಕೊಟ್ಟವಳು ದರ್ಜಿ ಅಂಗಡಿಯಲ್ಲಿ ಗುಂಡಿಗೆ ಕಾಜ ಹೊಲಿಯುತ್ತಿದ್ದ ಹುಡುಗಿ. ಇಪ್ಪತ್ತೆರಡು ತುಂಬಿತ್ತು. ಆರೋಪಿ ಅಂಗಡಿಯ ಯಜಮಾನ ದರ್ಜಿ, ನಲವತ್ತೈದರ ವಿಧುರ. ಹುಡುಗಿ ಕಟಕಟೆಯಲ್ಲಿ ನಿಂತಾಗ ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಆದ ಕಪ್ಪು ಚುಕ್ಕೆಗಳು ಟಕಟಕಮ್ಮನಿಗೆ ಕಾಣುತ್ತಿದ್ದವು. ಅಷ್ಟು ಹತ್ತಿರ.

"ಮೊದಮೊದಲು ಒಳ್ಳೆ ಮಾತಾಡ್ತಿದ್ರು. ನಿನ್ನಂಥ ಕೈ ಯಾರಿಗೂ ಇಲ್ಲ ಅಂತಿದ್ರು. ಹಾಗೇ ಪುಸಲಾಯಿಸಿ ನನ್ನ ತಲೆ ಕೆಡಿಸಿದ್ರು. ಆಮೇಲೆ ಬಾಗ್ಲು ಹಾಕಿದ್ರು. ಬೇಡ ಅಂದ್ರೂ ಕೇಳ್ಲಿಲ್ಲ."

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ಅವರು ಕೆಟ್ಟವರಲ್ಲ. ಅಂದು ಹನ್ನೊಂದು ಕೇಸಿತ್ತು, ಸಲೀಸಾದ ವಾಕ್ಯ ನಾಲಿಗೆಯಲ್ಲೇ ಇತ್ತು. "ಬರ್ಕೊಳ್ಳಿ. ಆರೋಪಿಯ ಸವಿನುಡಿಗಳಿಗೆ ನಾನು ಮನಸೋತೆನು. ಆರಂಭದಲ್ಲಿ ಸಂಕೋಚಪಟ್ಟೆನು."

ಟಕಟಕಮ್ಮನ ಬೆರಳು ಒಂದು ಕ್ಷಣ ನಿಂತಿತು. ಸಾಹೇಬರು ಮೇಲಿಂದ ನೋಡಿದರು. ಬೆರಳು ಮತ್ತೆ ಓಡಿತು. ಕೊನೆಗೆ ಎಲ್ಲ ಹೇಳಿಕೆಯ ಕೆಳಗೂ ಹಾಕುವ ಸಾಲನ್ನು ಅಭ್ಯಾಸಬಲದಿಂದ ಹಾಕಿದಳು: ಓದಿ ಹೇಳಲಾಯಿತು, ಸರಿ ಎಂದು ಒಪ್ಪಿದರು. ಯಾರೂ ಓದಿ ಹೇಳಲಿಲ್ಲ. ಹುಡುಗಿ ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು.

ತೀರ್ಪು ಬರುವ ಹೊತ್ತಿಗೆ ಚಳಿಗಾಲ. ದರ್ಜಿ ಬಿಡುಗಡೆಯಾದ. ಆ ತೀರ್ಪನ್ನು ಟೈಪ್ ಮಾಡಿದ್ದೂ ಟಕಟಕಮ್ಮನೇ. ಮನಸೋತೆನು ಎಂಬ ಪದ ಅದರಲ್ಲಿ ನಾಲ್ಕು ಸಲ ಇತ್ತು. ಅಂದು ಮನೆಗೆ ಬಂದವಳು ತಟ್ಟೆಗೆ ಅನ್ನ ಹಾಕಿಕೊಂಡು, ತಿನ್ನದೆ ಮುಚ್ಚಿಟ್ಟಳು. ನಾನೇನು ಮಾಡಲಿ, ನಾನು ಬರೀ ಕೈ, ಎಂದು ತನಗೆ ತಾನೇ ಹೇಳಿಕೊಂಡಳು. ಸಮಾಧಾನವಾಗಲಿಲ್ಲ.

ಮುಂದಿನ ಸುದ್ದಿ ತಂದವನು ಕೋರ್ಟಿನ ಜವಾನ. "ಕೇಳಿದ್ರಾ ಅಮ್ಮ? ಆ ಹುಡುಗೀನ ದರ್ಜಿಗೇ ಕೊಟ್ಟು ಮದುವೆ ಮಾಡಿಬಿಟ್ರು."

"ಯಾರು?"

"ಇನ್ಯಾರು, ಅವಳ ಅಪ್ಪನೇ. ಕೋರ್ಟಲ್ಲಿ ನೀನೇ ಬಾಯಿಬಿಟ್ಟು ಒಪ್ಕೊಂಡಿದೀಯ, ಮನಸೋತೆ ಅಂತ ಸಹಿ ಬೇರೆ ಹಾಕಿದೀಯ, ಇನ್ಯಾವ ಗಂಡು ನಿನ್ನ ಕಟ್ಕೋತಾನೆ ಅಂದ್ರಂತೆ. ದರ್ಜಿ ತೀರ್ಪಿನ ಕಾಪಿ ಹಿಡ್ಕೊಂಡೇ ಅವರ ಮನೆಗೆ ಹೋಗಿದ್ನಂತೆ."

ಟಕಟಕಮ್ಮ ಒಂದು ತಿಂಗಳು ತಡೆದಳು. ಆಮೇಲೆ ಒಂದು ಶನಿವಾರ ಮಧ್ಯಾಹ್ನ, ಹೊಲಿಸಬೇಕಾದದ್ದು ಏನೂ ಇಲ್ಲದಿದ್ದರೂ, ಗಂಡನ ಹಳೆಯ ಕೋಟೊಂದರ ಗುಂಡಿ ತಾನೇ ಕಿತ್ತು, ಅದನ್ನು ಚೀಲಕ್ಕೆ ಹಾಕಿಕೊಂಡು ಆ ಅಂಗಡಿಗೆ ಹೋದಳು. ದರ್ಜಿ ಊಟಕ್ಕೆ ಹೋಗಿದ್ದ. ಹುಡುಗಿ ಕಿಟಕಿಯ ಕೆಳಗೆ ಮಣೆಯ ಮೇಲೆ ಕೂತು ಅಂಗಿಗೆ ಕಾಜ ಹೊಲಿಯುತ್ತಿದ್ದಳು. ಸೊರಗಿದ್ದಳು. ಗುರುತು ಹಿಡಿದಳು, ಸೂಜಿ ಮಾತ್ರ ನಿಲ್ಲಿಸಲಿಲ್ಲ.

"ಏನು ಹೊಲೀಬೇಕಕ್ಕ?"

"ಒಂದು ಗುಂಡಿ ಬಿದ್ದೋಗಿದೆ."

ಹುಡುಗಿ ಕೋಟು ತೆಗೆದುಕೊಂಡು ದಾರ ಹುಡುಕಿದಳು. ಹುಡುಕುತ್ತಲೇ, ತಲೆ ಎತ್ತದೆ, ಕೇಳಿದಳು. "ಅಕ್ಕ, ಆವತ್ತು ನೀವು ಹತ್ತಿರಾನೇ ಕೂತಿದ್ರಿ. ನಾನು ಆ ಮಾತು ಹೇಳಿದ್ನಾ?"

"ಯಾವ ಮಾತಮ್ಮ?"

"ಮನಸೋತೆ ಅಂತ. ಇವರು ದಿನಾ ಅದನ್ನೇ ಹೇಳ್ತಾರೆ. ಅಪ್ಪನೂ ಹಾಗೇ ಅಂತಾರೆ. ಕೇಳಿ ಕೇಳಿ ನಂಗೇ ಅನುಮಾನ ಬಂದ್ಬಿಟ್ಟಿದೆ. ಹೇಳಿದ್ರೂ ಹೇಳಿರಬಹುದು, ನಂಗೇ ನೆನಪಿಲ್ಲವೇನೋ."

ಟಕಟಕಮ್ಮ ಚೀಲ ಕೆಳಗಿಟ್ಟಳು. "ಇಲ್ಲ ಕಣಮ್ಮ. ನೀನು ಪುಸಲಾಯಿಸಿದ್ರು ಅಂದೆ. ಬೇಡ ಅಂದ್ರೂ ಕೇಳ್ಲಿಲ್ಲ ಅಂದೆ. ಅದನ್ನ ಬದಲಾಯಿಸಿ ಬರೆದವಳು ನಾನು."

ಹುಡುಗಿ ಮೊದಲ ಸಲ ಮುಖ ಎತ್ತಿದಳು. ಬೈಯುತ್ತಾಳೆ, ಬೈದರೆ ಒಳ್ಳೆಯದು ಎಂದು ಟಕಟಕಮ್ಮ ಕಾದಳು. ಹುಡುಗಿ ಬೈಯಲಿಲ್ಲ. "ಹಾಗಾದ್ರೆ ನಂಗೆ ತಲೆ ಕೆಟ್ಟಿಲ್ಲ" ಎಂದಷ್ಟೇ ಹೇಳಿ, ಗುಂಡಿ ಹೊಲಿದು, ದಾರ ಹಲ್ಲಿನಲ್ಲಿ ಕಡಿದು, ಕೋಟು ಮಡಚಿ ಕೊಟ್ಟಳು. ಹೊರಗೆ ದರ್ಜಿಯ ಕೆಮ್ಮು ಕೇಳಿಸಿತು. "ಹೋಗಿ ಅಕ್ಕ" ಎಂದಳು ಮೆಲ್ಲಗೆ.

ಎರಡು ವಾರದ ಮೇಲೆ ಆಸ್ಪತ್ರೆಯ ಆಯಾ ಒಬ್ಬಳು ಕಟಕಟೆ ಹತ್ತಿದಳು. ವಾರ್ಡಿನ ಮೇಲ್ವಿಚಾರಕ ಕೆಲಸದಿಂದ ತೆಗೆಸುತ್ತೇನೆಂದು ಹೆದರಿಸಿ ಮೈಮೇಲೆ ಕೈಹಾಕಿದ್ದ. ಅದೇ ಸಾಹೇಬರು, ಅದೇ ಸಲೀಸು. "ಅವನ ಮೋಹಕ್ಕೆ ಒಳಗಾದೆನು ಅಂತ ಬರ್ಕೊಳ್ಳಿ." ಟಕಟಕಮ್ಮ ಬರೆದುಕೊಂಡಳು. ಕೊನೆಯ ಸಾಲಿಗೆ ಬಂದಾಗ ಬೆರಳು ಎತ್ತಿ, ಎದ್ದು ನಿಂತಳು.

"ಸ್ವಾಮಿ, ಓದಿ ಹೇಳಲಾಯಿತು ಅಂತ ಹಾಕ್ಬೇಕು. ಓದಿ ಹೇಳ್ತೀನಿ."

ಯಾರಾದರೂ ಬೇಡ ಎನ್ನುವ ಮೊದಲೇ ಗಟ್ಟಿಯಾಗಿ ಓದತೊಡಗಿದಳು. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆ ಆಕೆಯ ಬೆರಳಿನ ಸದ್ದು ಕೇಳಿತ್ತೇ ಹೊರತು ದನಿ ಕೇಳಿರಲಿಲ್ಲ. ಮೋಹ ಎಂಬಲ್ಲಿಗೆ ಬಂದಾಗ ಆಯಾ ಕೂಗಿದಳು. "ಅಯ್ಯೋ, ಯಾವ ಮೋಹ? ನಾನು ಹೆದರ್ಕೊಂಡೆ ಅಂದೆ!"

ಸಾಹೇಬರ ಮುಖ ಕೆಂಪಾಯಿತು. "ನೀವು ಇಲ್ಲಿ ಟೈಪಿಸ್ಟೋ, ವಕೀಲರೋ?" ಎಂದರು. ಆದರೆ ತುಂಬಿದ ಕೋರ್ಟಿನಲ್ಲಿ ಸಾಕ್ಷಿಯೇ ತಾನು ಹಾಗೆ ಹೇಳಲಿಲ್ಲ ಎಂದಮೇಲೆ ಮಾಡುವುದೇನು? ಪದ ತಿದ್ದಬೇಕಾಯಿತು. ಹೆದರಿದೆನು ಎಂದೇ ಹೋಯಿತು. ಕೆಲವು ತಿಂಗಳ ಮೇಲೆ ಮೇಲ್ವಿಚಾರಕನಿಗೆ ಶಿಕ್ಷೆಯಾಯಿತು.

ಟಕಟಕಮ್ಮನಿಗೆ ಮಾತ್ರ ಓದಿ ಹೇಳಿದ ಮರುದಿನವೇ ನೋಟಿಸು ಬಂತು, ವಾರದಲ್ಲಿ ವರ್ಗಾವಣೆ. ದೂರಕ್ಕೇನಲ್ಲ, ಅದೇ ಕಟ್ಟಡದ ನೆಲಮಾಳಿಗೆಯ ದಾಖಲೆ ಕೋಣೆಗೆ. ಅಲ್ಲಿ ಟೈಪ್ ಮಾಡುವುದು ಏನೂ ಇರಲಿಲ್ಲ. ಮುಗಿದ ಕಡತಗಳಿಗೆ ದಾರ ಕಟ್ಟುವುದು, ಗೆದ್ದಲು ಹತ್ತದಂತೆ ನೋಡಿಕೊಳ್ಳುವುದು. ಮೇಲೆ ಆಕೆಯ ಮೇಜಿಗೆ ಹೊಸಬಳು ಬಂದಳು. ಬಲು ಚುರುಕು, ಬೆರಳು ಎಲ್ಲೂ ನಿಲ್ಲುವುದಿಲ್ಲ ಎಂದು ಜವಾನ ಹೊಗಳಿದ.

ಕಾಜದ ಹುಡುಗಿಯ ತೀರ್ಪಿಗೆ ಮೇಲ್ಮನವಿ ಹಾಕಬಹುದೇ ಎಂದು ಟಕಟಕಮ್ಮ ಮೂವರು ವಕೀಲರನ್ನು ಕೇಳಿದಳು. ಅವಧಿ ಮುಗಿದಿದೆ ಎಂದರು ಇಬ್ಬರು. ಮೂರನೆಯವರು ನಕ್ಕರು. "ಗಂಡ ಹೆಂಡತಿ ಆದಮೇಲೆ ಇನ್ನೇನಮ್ಮ ಕೇಸು?" ಎಂದರು. ಇದನ್ನು ಹುಡುಗಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಅಂಗಡಿಯ ಬೀದಿಗೆ ಹೋದಳು. ಅಂಗಡಿ ಖಾಲಿಯಾಗಿತ್ತು. ಬೇರೆ ಊರಿಗೆ ಹೋದರು, ಯಾವ ಊರೋ ಗೊತ್ತಿಲ್ಲ ಎಂದರು ಪಕ್ಕದವರು. ಬಾಗಿಲಿಗೆ ಹೊಸ ಬೀಗ. ಕಿಟಕಿಯ ಗಾಜಿಗೆ ಕೈ ಅಡ್ಡ ಹಿಡಿದು ಒಳಗೆ ನೋಡಿದಳು. ಹುಡುಗಿ ಕೂರುತ್ತಿದ್ದ ಮಣೆಯನ್ನೂ ಬಿಡದೆ ಒಯ್ದಿದ್ದರು.