ಅಟ್ಟದ ಮೇಲಿನ ಕರಿಬೇವು

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ಯಾವತ್ತೂ ಹಸಿರಾಗಿರುತ್ತಿತ್ತು. ಸೋಪು ಹಾಕಿ ಉಜ್ಜಿದರೂ ಹೋಗದ ಹಸಿರು. ಮದುವೆಯಾಗಿ ಚಿನಕುರಳಿಗೆ ಬಂದ ಹೊಸದರಲ್ಲಿ, ಪಾಪ, ಉಗುರಿಗೆ ಏನೋ ಕಾಯಿಲೆ ಇರಬೇಕು ಅಂದುಕೊಂಡಿದ್ದೆ. ಕಾಯಿಲೆಯೂ ಇಲ್ಲ ಮಣ್ಣೂ ಇಲ್ಲ. ಕೊತ್ತಂಬರಿ, ಪುದೀನ, ಸಬ್ಬಸಿಗೆ, ಕರಿಬೇವು ಚಿವುಟಿ ಚಿವುಟಿ ಹತ್ತಿದ ಬಣ್ಣ ಅದು. ಹೊತ್ತು ಹೊತ್ತಿಗೆ ಹೊಸದಾಗಿ ಚಿವುಟಬೇಕು ಅನ್ನುವುದು ಆ ಮನೆಯ ಕಾನೂನು.

ಕಾನೂನು ಮಾಡಿದವರು ಮಾವ. ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಕುಡಿತವಿಲ್ಲ, ಹೆಂಡತಿ ಮೇಲೆ ಒಂದು ದಿನ ಕೈ ಎತ್ತಿದವರಲ್ಲ. ಆದರೆ ನಾಲಿಗೆ ಇದೆಯಲ್ಲ, ಅಬ್ಬಬ್ಬಾ! ಬೆಳಿಗ್ಗೆ ಕಿತ್ತ ಸೊಪ್ಪು ಸಂಜೆಯ ಸಾರಿಗೆ ಬಿದ್ದರೆ ತಟ್ಟೆ ಆ ಕಡೆ ಸರಿಯುತ್ತಿತ್ತು. ಮನೆಯಲ್ಲಿ ಫ್ರಿಜ್ಜೇನೋ ಇತ್ತು, ಹಾಲು ಮೊಸರಿಗೆ ಮಾತ್ರ. "ಫ್ರಿಜ್ಜಲ್ಲಿಟ್ಟಿದ್ ಸೊಪ್ಪ ದನಕ್ಕಾಕಿ, ನಂಗಿಕ್ಬ್ಯಾಡಿ" ಅನ್ನುವರು.

ಹಿತ್ತಲಲ್ಲಿ ಕರಿಬೇವಿನ ಮರ, ಗದ್ದೆಯ ಪಂಪ್‌ಸೆಟ್ಟಿನ ಪಕ್ಕ ಕೊತ್ತಂಬರಿ, ಪುದೀನದ ಮಡಿ. ಅತ್ತೆಯ ಓಡಾಟವೆಲ್ಲ ಇವೆರಡರ ನಡುವೆ. ಅವರ ತವರು ಪಾಲಹಳ್ಳಿ ಏನು ಪರದೇಶವೇ? ಪಾಂಡವಪುರದಲ್ಲೊಂದು, ಶ್ರೀರಂಗಪಟ್ಟಣದಲ್ಲೊಂದು ಬಸ್ಸು ಬದಲಾಯಿಸಿದರೆ ಬಂತು. ಆದರೂ ಬಾಣಂತನ ಮುಗಿಸಿ ಬಂದ ಮೇಲೆ ಅಲ್ಲಿ ಒಂದು ರಾತ್ರಿ ಉಳಿದವರಲ್ಲ. ತಮ್ಮನ ಮಗಳ ಮದುವೆಯಲ್ಲೂ ಧಾರೆ ಆಗುತ್ತಿದ್ದಂತೆ, ಊಟಕ್ಕೂ ಕೂರದೆ ಬಸ್ಸು ಹತ್ತಿದ್ದರಂತೆ. ಕೊತ್ತಂಬರಿ ಬಿಡಿಸುತ್ತಾ ಕೂತಾಗ ಹೇಳುವರು, "ನಮ್ಮಟ್ಟಿ ಮುಂದ್ಲ ನಾಲೇಲಿ ರಾತ್ರಿಯೆಲ್ಲಾ ನೀರು ಅರೀತದೆ ಕಣಮ್ಮಿ. ಆ ಸದ್ದು ಕೇಳ್ಕಂಡು ಒಂದ್ ದಪ ಮನೀಕಬೇಕು." ಇನ್ಯಾವ ಆಸೆಯನ್ನೂ ಅವರ ಬಾಯಲ್ಲಿ ನಾನು ಕೇಳಲಿಲ್ಲ.

ಅವರ ಮಂಡಿ ಕೆಟ್ಟಿತು. ಗದ್ದೆಗೆ ಹೋಗಿ ಸೊಪ್ಪು ತರುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಬಿ.ಎಡ್. ಮಾಡಿದವಳು, ಪಾಠ ಮಾಡಬೇಕೆಂದು ಹಂಬಲಿಸಿದವಳು. ಬೆಳಿಗ್ಗೆ ಒಂದು ಕಟ್ಟು, ಮಧ್ಯಾಹ್ನ ಒಂದು ಕಟ್ಟು, ಸಂಜೆ ಮತ್ತೊಂದು. ನನ್ನ ಉಗುರೂ ಹಸಿರಾಗುತ್ತಿದೆ ಅಂತ ಒಂದು ದಿನ ಕಣ್ಣಿಗೆ ಬಿದ್ದಾಗ ಆ ಮಡಿಯಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ.

ಆ ಹೊತ್ತಿನಲ್ಲೇ ಶ್ರೀರಂಗಪಟ್ಟಣದ ಒಂದು ಶಾಲೆಯಿಂದ ಕರೆ ಬಂತು. ಮಾವ ಬೇಡ ಅನ್ನಲಿಲ್ಲ, ಅದರಲ್ಲಿ ಅವರು ಜಾಣರು. "ಓಗವ್ವ, ನಾನ್ಯಾಕ್ ಬ್ಯಾಡ ಅನ್ಲಿ? ಮನೆ ಊಟ ಕೆಡಬಾರ್ದು ಅಷ್ಟೆಯ. ಸಾರು ಕೆಟ್ಟ ದಿನ ಕೆಲ್ಸ ಬುಟ್ಬುಡು" ಅಂದರು. ಬೆಳಿಗ್ಗೆ ಬಸ್ಸಿಗೆ ಹೋದವಳು ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ. ಮಧ್ಯಾಹ್ನದ ಸೊಪ್ಪಿಗೆ ಗದ್ದೆಗೆ ಹೋಗುವವರು ಯಾರು? ನನ್ನ ಗಂಡ ಅಪ್ಪನ ಮುಂದೆ ಬಾಯಿ ಬಿಡುವ ಆಸಾಮಿಯಲ್ಲ, ತಟ್ಟೆಯಲ್ಲಿದ್ದ ಮುದ್ದೆಯನ್ನೇ ನೋಡುತ್ತಾ ಕೂತರು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಅಡುಗೆಮನೆಗೆ ಬಂದರೆ ಅತ್ತೆ ಒಲೆ ಕಡೆ ತಿರುಗಿಕೊಂಡೇ ಅಂದರು, "ನೀನು ಓಗು. ಸೊಪ್ಪಿನ್ ಚಿಂತೆ ನಂಗ್ಬುಡು."

ಅವತ್ತು ಶುರುವಾಯಿತು ನೋಡಿ ಅವರ ಕಳ್ಳ ಸಂಸಾರ. ಹೊತ್ತು ಹೊತ್ತಿಗೆ ಕೊಂಬೆ ಬಗ್ಗಿಸಿ ಕೀಳಲು ಮಂಡಿ ಬಿಡದು ಅಂತ ಕರಿಬೇವನ್ನೂ ಒಟ್ಟಿಗೇ ಕೀಳಿಸಿ, ತೊಳೆದು, ಬಟ್ಟೆಯಲ್ಲಿ ಒತ್ತಿ, ಅಟ್ಟದ ಮೇಲೆ ಹರಡಲು ನನ್ನನ್ನು ಹತ್ತಿಸುವರು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದಲ್ಲ ಅಂದರೆ, "ಬಿಸ್ಲಿಗಾಕ್ಬುಟ್ರೆ ಬಣ್ಣವೂ ಓಯ್ತದೆ, ಗಮವೂ ಓಯ್ತದೆ. ನೆಳ್ಳಲ್ಲೇ ಒಣಗ್ಬೇಕು" ಅನ್ನುವರು. ಮುರಿದರೆ ಚಟ್ ಅನ್ನುವಷ್ಟು ಒಣಗಿದ ಮೇಲೆ ಡಬ್ಬಿಗೆ. ಭಾನುವಾರ ನಾನು ಗದ್ದೆಯಿಂದ ತಂದ ಕೊತ್ತಂಬರಿಯನ್ನು ತೊಳೆಯುವಂತಿಲ್ಲ. ಬೇರಿನ ಮಣ್ಣು ಕೊಡವಿ, ಕೊಳೆತ ಎಲೆ ಆರಿಸಿ, ಒಣ ಬಟ್ಟೆಯಲ್ಲಿ ಸುತ್ತಿ, ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಬಚ್ಚಿಡಬೇಕು. ಪುದೀನವನ್ನು ಉಪ್ಪು, ನಿಂಬೆರಸ ಹಾಕಿ ನುಣ್ಣಗೆ ರುಬ್ಬಿ ಸೀಸೆಗೆ ತುಂಬಬೇಕು. ಇನ್ನು ಕೊತ್ತಂಬರಿ ಸುತ್ತುತ್ತಿದ್ದ ಬಟ್ಟೆ ಯಾವುದು ಅಂದಿರಿ? ಮಾವನ ಹಳೇ ಪಂಚೆ! ಅದನ್ನು ಹರಿಯುವಾಗ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದರು. ಅಷ್ಟು ಮನಸಾರೆ ಅವರು ನಕ್ಕದ್ದನ್ನು ಮತ್ತೆ ನೋಡಲಿಲ್ಲ.

ಮೊದಲ ದಿನ ಶಾಲೆಯಲ್ಲಿ ನಾನು ಪಾಠ ಮಾಡಿದ್ದು ಸುಳ್ಳು. ಮಾವ ಊಟಕ್ಕೆ ಕೂತಿರುತ್ತಾರೆ, ಮೂಸಿ ನೋಡುತ್ತಾರೆ, ನಾಳೆಯಿಂದ ಮತ್ತೆ ಆ ಮಡಿಯೇ ನನಗೆ ಗತಿ. ಸಂಜೆ ಬಂದು ನೋಡಿದರೆ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಆರಾಮಾಗಿ ಕೂತಿದ್ದಾರೆ! ಅತ್ತೆ ಮಾಡಿದ್ದಿಷ್ಟೆ. ಸಾರಿಗೆ ಹಾಕಿದ್ದೆಲ್ಲ ಕೂಡಿಟ್ಟ ಸೊಪ್ಪು. ಬಡಿಸುವ ಮೊದಲು ಹಿತ್ತಲ ಮರದ ಹಸಿ ಎಲೆ ಒಂದನ್ನು ಅಂಗೈಯಲ್ಲಿ ಉಜ್ಜಿಕೊಂಡಿದ್ದರು. ಬಡಿಸುವ ಕೈಯಿಂದಲೇ ಘಮ ಬಂದಿತ್ತು. ದಿನವೂ ಹೀಗೇ ನಡೆಯಿತು. ನಾನು ದಿನವೂ ಬಸ್ಸು ಹತ್ತಿದೆ.

ಆಮೇಲೊಂದು ದಸರಾ ರಜೆಯಲ್ಲಿ ನಾನೇ ಹಟ ಹಿಡಿದೆ. ನಾನು ಮನೆಯಲ್ಲಿದ್ದೇನೆ, ಡಬ್ಬಿಗಳು ತುಂಬಿವೆ, ನೀವು ಪಾಲಹಳ್ಳಿಗೆ ಹೋಗಿ ಒಂದು ರಾತ್ರಿ ಮಲಗಿ ಬನ್ನಿ ಅಂದೆ. ಮಾವ ಕೂಡ ಅವತ್ತು "ಓಗ್ ಬಾ" ಅಂದರು. ಹೊಸ ಸೀರೆ ಉಟ್ಟು, ತಮ್ಮನಿಗೆ ಅಂತ ಒಣ ಕರಿಬೇವಿನ ಪೊಟ್ಟಣ ಹಿಡಿದುಕೊಂಡು ಹೋದರು. ಸಂಜೆ ನಾನು ಒಲೆಗೆ ಬೇಳೆ ಇಡುತ್ತಿದ್ದೇನೆ, ಹಿತ್ತಲಲ್ಲಿ ಸದ್ದು. ನೋಡಿದರೆ ಅತ್ತೆ! ಹೊಸ ಸೀರೆಯಲ್ಲೇ ಕರಿಬೇವು ಕೀಳುತ್ತಿದ್ದಾರೆ.

"ಪಾಂಡವಪುರದ ಸ್ಟ್ಯಾಂಡಲ್ಲಿ ಕೂತಿದ್ದೆ ಕಣಮ್ಮಿ. ಬಸ್ಸು ಬಂತು, ಓಯ್ತು. ಇನ್ನೊಂದ್ ಬಂತು, ಅದೂ ಓಯ್ತು. ಸೊಪ್ಪು ಕೀಳೋ ಒತ್ತಾಯ್ತು ಅನ್ನುಸ್ಬುಡ್ತು. ಕಾಲೇ ಬರ್ನಿಲ್ಲ."

ನನಗೆ ಸಿಟ್ಟು ಬಂತು. "ಡಬ್ಬೀಲಿ ಅಷ್ಟೊಂದು ಇತ್ತಲ್ಲ ಅತ್ತೆ!"

"ಡಬ್ಬೀಲಿತ್ತು. ನನ್ ತಲೇಲಿರ್ನಿಲ್ಲ" ಅಂದರು.

ಅವತ್ತು ಅವರನ್ನು ಯಾರೂ ತಡೆದಿರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದೇ ಅದು. ಆ ಪೊಟ್ಟಣವನ್ನು ಅವರು ಮತ್ತೆ ಡಬ್ಬಿಗೆ ಸುರಿಯಲಿಲ್ಲ, ಅಟ್ಟದ ಮೂಲೆಯಲ್ಲಿ ಹಾಗೇ ಇಡಿಸಿದರು.

ಹೋದ ಮಳೆಗಾಲದಲ್ಲಿ ಅತ್ತೆ ಎದೆ ಹಿಡಿದುಕೊಂಡು ಕೂತವರು ಏಳಲೇ ಇಲ್ಲ. ಅರಿಶಿನ ಹಚ್ಚಿ ನೀರು ಹಾಕುವಾಗ ಆ ಕೈ ಹಿಡಿದದ್ದು ನಾನೇ. ಉಗುರು ಹಸಿರಾಗಿಯೇ ಇತ್ತು.

ತಿಥಿ ಮುಗಿಸಿ ನೆಂಟರೆಲ್ಲ ಹೋದ ಮೇಲೆ, ಊಟಕ್ಕೆ ಕೂತ ಮಾವ ಮೆಲ್ಲಗೆ ಅಂದರು, "ಇನ್ನು ಇಸ್ಕೂಲು ಸಾಕು ಕಣವ್ವ. ಅವಳಿಲ್ಲ. ಸೊಪ್ಪು ಯಾರ್ ತಂದಾರು?" ನಾನು ಮುದ್ದೆಗೆ ಸಾರು ಬಿಟ್ಟೆ. ಒಂದು ತುತ್ತು ನುಂಗಿ, "ಈಗ ಕಿತ್ತಿದ್ದಾ?" ಅಂದರು.

"ಅಲ್ಲ ಮಾವ. ಅತ್ತೆ ಒಣಗಿಸಿಟ್ಟಿದ್ದು. ನಾನು ಕೆಲಸಕ್ಕೆ ಸೇರಿದಾಗಿನಿಂದ ನೀವು ಉಂಡಿದ್ದೂ ಇದೇ."

ಅವರು ತಟ್ಟೆ ಸರಿಸುತ್ತಾರೆ ಅಂತಲೇ ಕಾದೆ. ಸಾರು ಮೆತ್ತಿದ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಕಣ್ಣು ತುಂಬಿತ್ತು. "ಇನ್ನೊಂದ್ ಸೌಟು ಬುಡವ್ವ" ಅಂದರು, ಅಷ್ಟೇ. ಮಾರನೇ ಬೆಳಿಗ್ಗೆ ನಾನು ಬಸ್ಸಿಗೆ ಹೋದೆ.

ಆದರೂ ಸುಳ್ಳು ಯಾಕೆ ಹೇಳಲಿ, ಸಂಜೆಯಾದರೆ ಪಾಂಡವಪುರದ ಸ್ಟ್ಯಾಂಡಿನಲ್ಲಿ ನನ್ನ ಕಾಲೂ ಚಡಪಡಿಸುತ್ತದೆ. ಹೊತ್ತಾಯಿತು, ಹೊತ್ತಾಯಿತು ಅಂತ ತಲೆಯೊಳಗೆ ಯಾರೋ ಬಡಿದುಕೊಳ್ಳುತ್ತಾರೆ. ಅದು ಅತ್ತೆಯಿಂದ ನನಗೂ ದಾಟಿಬಿಟ್ಟಿತೇನೋ ಅನ್ನುವ ಭಯ.

ಅದಕ್ಕೇ ಹೋದ ಶನಿವಾರ ಅಟ್ಟದ ಮೂಲೆಯ ಆ ಪೊಟ್ಟಣ ಇಳಿಸಿಕೊಂಡು, ಶಾಲೆ ಮುಗಿದದ್ದೇ ಪಾಲಹಳ್ಳಿ ಬಸ್ಸು ಹತ್ತಿದೆ. ಅತ್ತೆಯ ತಮ್ಮನ ಕೈಗೆ ಅದನ್ನು ಕೊಟ್ಟೆ. ನಾಲೆಗೆ ನೀರು ಬಿಟ್ಟಿದ್ದರು. ಅವರ ಹಟ್ಟಿಯಲ್ಲೇ ಚಾಪೆ ಹಾಸಿಕೊಂಡು, ಅತ್ತೆಯ ಬದಲು, ಆ ಸದ್ದು ಕೇಳುತ್ತಾ ಮಲಗಿದೆ.

ಎದ್ದಾಗ ಬಿಸಿಲು ಬಂದಿತ್ತು. ಮನೆಯಲ್ಲಿ ಸೊಪ್ಪು ಕೀಳುವ ಹೊತ್ತು ಎಂದೋ ಮೀರಿತ್ತು. ಅತ್ತೆಯ ತಮ್ಮನ ಹೆಂಡತಿ ಕಾಫಿ ಕೊಟ್ಟು, "ಒತ್ತಾಯ್ತೇನೋ, ಬಸ್ಸಿಗೋಯ್ತೀಯವ್ವ?" ಅಂದರು.

"ಇನ್ನೊಂದು ಲೋಟ ಕಾಫಿ ಕೊಡಿ" ಅಂದೆ.