ಸದ್ದು ಮಾಡದ ಚಡ್ಡಿ

ನನ್ನ ಮಗನಿಗೆ ಹನ್ನೊಂದು ತುಂಬಿದ ವರ್ಷ ಅವನ ಸೊಂಟ ಯಾವ ಕಂಪನಿಯ ಅಳತೆಗೂ ಸಿಗದ ಹಾಗೆ ಬೆಳೆದುಬಿಟ್ಟಿತು. ಮಕ್ಕಳ ಡೈಪರ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎಂದು ಪ್ಯಾಕೆಟ್ಟಿನ ಮೇಲೆ ಬರೆದದ್ದು ಅವನ ತೊಡೆ ದಾಟಿ ಮೇಲೇರುತ್ತಿರಲಿಲ್ಲ. ದೊಡ್ಡವರದ್ದರಲ್ಲಿ ಎಲ್ಲಕ್ಕಿಂತ ಚಿಕ್ಕದು ಹಾಕಿದರೆ, ಅವನು ನಡುಮನೆಯಿಂದ ಜಗಲಿಗೆ ಹೋಗುವಷ್ಟರಲ್ಲಿ ಅದು ಮೊಣಕಾಲಿಗೆ ಇಳಿದಿರುತ್ತಿತ್ತು. ತಯಾರಿಸುವವರ ಪ್ರಕಾರ ಇದು ಕೂಸುಗಳಿಗೆ ಬೇಕು, ಮುದುಕರಿಗೆ ಬೇಕು. ನಡುವೆ ಇರುವವರೆಲ್ಲ ಬರೀ ಬೆವರುತ್ತಾರೆ ಅಂತ ಕಾಣುತ್ತದೆ.

ಮಗನಿಗೆ ಆಟಿಸಂ ಇದೆ. ಮಾತು ಕಡಿಮೆ, ನಗು ಜಾಸ್ತಿ, ಕಿವಿ ವಿಪರೀತ ಚುರುಕು. ಕುಕ್ಕರ್ ಕೂಗುವುದಕ್ಕೆ ಮುಂಚೆ ಅದರೊಳಗೆ ಶುರುವಾಗುವ ಸಣ್ಣ ಗೊರಗೊರ ಸದ್ದಿಗೇ ಅವನು ಎರಡೂ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಓಡುತ್ತಾನೆ. ಆದರೆ ತನ್ನ ಹೊಟ್ಟೆಯೊಳಗಿನ ಸೂಚನೆ ಮಾತ್ರ ಅವನಿಗೆ ತಡವಾಗಿ ಮುಟ್ಟುತ್ತದೆ. ಹಾಸನದ ಮಕ್ಕಳ ಡಾಕ್ಟರು ಮಲಬದ್ಧತೆ ಇದೆಯಾ, ಸೋಂಕು ಇದೆಯಾ ಅಂತ ಎಲ್ಲ ನೋಡಿ, "ಕಾಯಿಲೆ ಏನೂ ಇಲ್ಲಮ್ಮ. ಟಾಯ್ಲೆಟ್ ಅಭ್ಯಾಸ ಬಿಡದೆ ಮಾಡ್ಸಿ. ಕೆಲವ್ರಿಗೆ ಲೇಟಾಗುತ್ತೆ. ಅಲ್ಲೀತನಕ ಅವನು ನಾಚ್ಕೊಳ್ಳೋ ಹಾಗೆ ಮಾತ್ರ ಮಾಡಬೇಡಿ," ಅಂದಿದ್ದರು.

ಮನೆಯಲ್ಲಿ ಅದು ಕಷ್ಟವಿರಲಿಲ್ಲ. ನೆಲ ಒರೆಸಿದರೆ ಮುಗಿಯಿತು. ಹೊರಗೆ ಹೊರಡುವುದೇ ಕಷ್ಟ. ಬರಬರುತ್ತಾ ನಾವು ಒಟ್ಟಿಗೆ ಎಲ್ಲಿಗೂ ಹೋಗದವರಾದೆವು. ನೆಂಟರ ಮದುವೆಗೆ ನಾನು ಹೋದರೆ ನಾಮಕರಣಕ್ಕೆ ನಮ್ಮವರು. ಫ್ಯಾಕ್ಟರಿಯ ಪಾಳಿಯ ಹಾಗೆ. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಬಹಳ ದಿನವಾದ್ದರಿಂದ, ನಮ್ಮ ನಡುವೆ ಏನೋ ಸರಿಯಿಲ್ಲ ಎಂದು ಮಾತಾಡಿಕೊಂಡವರೂ ಇದ್ದರು.

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮವರದು ಅಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ. ಸೋರುವ ಯಾವ ವಿಷಯವೇ ಆಗಲಿ ಅದು ತಮಗೆ ಬಿಟ್ಟದ್ದು ಅನ್ನುವ ಧೈರ್ಯ ಅವರಿಗೆ. ಹಾಗಾಗಿ ದೊಡ್ಡವರ ಅಳತೆಯದನ್ನು ತರಲು ಮೊದಲ ಸಲ ಮೆಡಿಕಲ್ ಸ್ಟೋರಿಗೆ ಅವರೇ ಹೋದರು. ಸಂಜೆ ಹೊತ್ತು, ಅಂಗಡಿ ತುಂಬ ಜನ. ಅಂಗಡಿಯವರು ಅಷ್ಟೂ ಜನರ ತಲೆಯ ಮೇಲಿಂದ, "ದೊಡ್ಡೋರ್ ಡೈಪರ್ರಾ? ಯಾರ್‌ಗಣ್ಣ?" ಎಂದು ಕೂಗಿದರಂತೆ. ನಮ್ಮವರು ಹಿಂದೆ ಮುಂದೆ ನೋಡದೆ, "ನಮ್ಮವ್ವಂಗೆ," ಎಂದು ಪ್ಯಾಕೆಟ್ ಹಿಡಿದುಕೊಂಡು ಬಂದುಬಿಟ್ಟರು.

ಅವರವ್ವ, ಅಂದರೆ ನಮ್ಮತ್ತೆ, ಹಳೇಕೋಟೆಯಲ್ಲಿ ನನ್ನ ಮೈದುನನ ಜೊತೆ ಇರುವವರು. ಎಪ್ಪತ್ತು ದಾಟಿದ್ದರೂ ಹುಲ್ಲಿನ ಹೊರೆಯನ್ನು ಬೇರೆಯವರು ಎತ್ತಿಕೊಟ್ಟರೆ ಬೇಸರ ಮಾಡಿಕೊಳ್ಳುವ ಹೆಂಗಸು. ಇದಾದ ಸ್ವಲ್ಪ ದಿನಕ್ಕೆ ಅವರು ಒಂದು ಚೀಲ ಅವರೆಕಾಯಿ ಹೊತ್ತು ಬಸ್ಸಿಳಿದು, ತಲೆನೋವಿನ ಬಾಮು ತೆಗೆದುಕೊಳ್ಳೋಣವೆಂದು ಅದೇ ಮೆಡಿಕಲ್ಲಿಗೆ ಹೋದರು. ಮೊದಲಿಂದ ಗುರುತಿದ್ದ ಅಂಗಡಿಯವರು ಇವರನ್ನು ನೋಡಿದ್ದೇ ಕೌಂಟರಿನಿಂದ ಆಚೆ ಬಂದು, ಸ್ಟೂಲು ಎಳೆದು ಹಾಕಿ, ಅವರೆಕಾಯಿ ಚೀಲ ಕೈಯಿಂದ ಇಸಿದುಕೊಂಡರು.

"ಯಾವಾಗ್ ಎದ್ರವ್ವ?" ಅಂದರು.

"ಯಾವಾಗ್ ಎದ್ರಿ ಅಂದ್ರೆ? ಕೋಳಿ ಕೂಗ್ದಾಗ ಎದ್ದೆ ಕಣಪ್ಪ."

"ಅಂಗಲ್ಲ. ಆಸ್ಗೆ ಇಡ್ದಿದ್ರಂತಲ್ಲ. ನಿಮ್ ಮಗ ಡೈಪರ್ ತಗಂಡೋದ್ರು, ಅದ್ಕೇ ಕೇಳ್ದೆ. ಸದ್ಯ, ಓಡಾಡೋ ಅಂಗಾದ್ರಲ್ಲ."

ಅತ್ತೆ ಬಾಮು ತೆಗೆದುಕೊಳ್ಳದೆ ನೇರ ಮನೆಗೆ ಬಂದರು. ನಮ್ಮವರು ಊಟಕ್ಕೆ ಕೂತಿದ್ದರು.

"ಲೇ, ನನ್ನ ಯಾವಾಗ್ಲಾ ಮಂಚ ಇಡಿಸ್ದೆ ನೀನು?"

ನಮ್ಮವರು ನೀರಿನ ಚೊಂಬಿಗೆ ಕೈ ಹಾಕಿದರು. ನಾನೇ ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ಬೈಯುತ್ತಾರೆಂದು ಕಾದರೆ, ಅವರು ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮೊಮ್ಮಗನ ಕಡೆ ನೋಡಿದರು. ಅವನು ಅವರೆಕಾಯಿಯನ್ನು ಉದ್ದುದ್ದ ಸಾಲಾಗಿ ಜೋಡಿಸುತ್ತಿದ್ದ.

"ನನ್ನೆಸ್ರಲ್ಲಿ ತಕ, ನಂಗೇನಾಗಕ್ಕಿಲ್ಲ," ಅಂದರು ತಮ್ಮ ಮಗನಿಗೆ, ದನಿ ತಗ್ಗಿಸಿ. "ಆದ್ರೆ ಕೂಸು ಕೇಳುಸ್ಕತದೆ ಕಣ್ಲಾ. ಅದ್ಕೆ ಮಾತ್ ಕಮ್ಮಿ, ಕಿವಿ ಏನ್ ಕಮ್ಮಿ ಇಲ್ಲ. ನಮ್ಮಪ್ಪ ನನ್ ಹೆಸ್ರ ಬಚ್ಚಿಟ್ನಲ್ಲ ಅನ್ಕಂಡ್ರೆ?"

ನಮ್ಮವರು ಮುಂದಿನ ಸಲ ಅಂಗಡಿಗೆ ಹೋದಾಗ, ಯಾರಿಗೆ ಎಂದು ಕೇಳುವ ಮೊದಲೇ, "ನನ್ ಮಗಂಗೆ, ಹನ್ನೊಂದ್ ವರ್ಷದೋನಿಗೆ," ಎಂದು ಗಟ್ಟಿಯಾಗಿ ಹೇಳಿದರಂತೆ. ಹೇಳಿ, ಈಗ ಯಾರು ಏನನ್ನುತ್ತಾರೋ ಎಂದು ಕಾದು ನಿಂತಿದ್ದರೆ, ಯಾರೂ ತಿರುಗಿ ಕೂಡ ನೋಡಲಿಲ್ಲವಂತೆ. ಪಕ್ಕದವರಿಗೆ ತಮ್ಮ ಕೆಮ್ಮಿನ ಔಷಧಿಯದೇ ಚಿಂತೆ. "ಇಷ್ಟೇನಾ!" ಎಂದು ಮನೆಗೆ ಬಂದು ಸ್ವಲ್ಪ ನಿರಾಶೆಯಿಂದಲೇ ಹೇಳಿದರು.

ನಾಚಿಕೆ ಹೋಯಿತು, ಅಳತೆ ಮಾತ್ರ ಸಿಗಲಿಲ್ಲ. ಆಮೇಲೆ ಶುರುವಾದದ್ದು ಮನೆಯವರ ಪ್ರಯೋಗಗಳು. ಅತ್ತೆ ತಮ್ಮ ಹಳೆಯ ಹತ್ತಿ ಸೀರೆಗಳನ್ನು ಹರಿದು, ಪದರ ಪದರವಾಗಿ ಮಡಿಸಿ ಬಟ್ಟೆ ಹೊಲಿದರು. ಮುಟ್ಟಿದರೆ ಬೆಣ್ಣೆ. ಆದರೆ ಒದ್ದೆಯಾದರೆ ಅದರ ಜೊತೆ ಪ್ಯಾಂಟು, ಪ್ಯಾಂಟಿನ ಜೊತೆ ಕುರ್ಚಿಯ ಮೆತ್ತೆ, ಎಲ್ಲವೂ ಒದ್ದೆ. ಅಂಗಳದ ತಂತಿಯ ಮೇಲೆ ಸಾಲಾಗಿ ಒಣಗುತ್ತಿದ್ದ ಆ ಬಟ್ಟೆಗಳನ್ನು ನೋಡಿ ಎದುರುಮನೆಯಾಕೆ, "ಮೇಡಮ್ಮೋರೆ, ಬಾಣಂತಿ ಯಾರು ಬಂದವ್ರೆ?" ಎಂದು ಸಂಭ್ರಮದಿಂದ ಕೇಳಿದಳು. ನಮ್ಮವರು ಅಂಗಡಿಯಿಂದ ಏನೋ ತೆಳ್ಳಗಿನ ರಬ್ಬರ್ ಹಾಳೆ ತಂದು ತೊಡೆಯ ಸುತ್ತ ಸೋರದಂತೆ ಪಟ್ಟಿ ಮಾಡಿದರು. ಸೋರಲಿಲ್ಲ, ನಿಜ. ಮಗ ನಡೆಯಲೂ ಇಲ್ಲ. ಕಾಲು ಅಗಲಿಸಿ ನಿಂತಲ್ಲೇ ನಿಂತು, "ಅಪ್ಪ, ಬ್ಯಾಡ," ಅಂದ. ಅವನು ಅಪ್ಪನನ್ನು ಕರೆದು ಮಾತಾಡುವುದೇ ಅಪರೂಪ. ನಮ್ಮವರು ತಕ್ಷಣ ಬಿಚ್ಚಿ ಹಾಕಿದರು.

ಆ ಬೇಸಿಗೆ ರಜೆಯಲ್ಲಿ ಅರಕಲಗೂಡಿನ ನನ್ನ ಅಕ್ಕ ಫೋನ್ ಮಾಡಿದಳು. ದೊಡ್ಡ ಮಕ್ಕಳ ಅಳತೆಯದೇ ಒಂದು ಬಗೆ ಇದೆಯಂತೆ, ಯಾರನ್ನೋ ಹಿಡಿದು ತರಿಸಿದ್ದೇನೆ, ಬಾ ಅಂದಳು. ಹೋದೆವು. ನಿಜಕ್ಕೂ ಸರಿಯಾದ ಅಳತೆ! ಸೊಂಟಕ್ಕೆ ಕೂತಿತು, ತೊಡೆಗೂ ಕೂತಿತು. ಅಕ್ಕನೂ ನಾನೂ ಪಂದ್ಯ ಗೆದ್ದವರ ಹಾಗೆ ಕೈ ಕೈ ಹಿಡಿದುಕೊಂಡೆವು. ಆದರೆ ಅದರ ಹೊರಮೈ ಪ್ಲಾಸ್ಟಿಕ್ಕಿನದು. ಮಗ ಒಂದು ಹೆಜ್ಜೆ ಇಟ್ಟ: ಚರ್. ನಿಂತ. ಇನ್ನೊಂದು ಹೆಜ್ಜೆ: ಚರ್. ಹಿಂದಕ್ಕೆ ತಿರುಗಿ ನೋಡಿದ. ಯಾರೂ ಇಲ್ಲ. ಕಿವಿ ಮುಚ್ಚಿಕೊಂಡು ಓಡಿದರೆ ಸದ್ದೂ ಅವನ ಜೊತೆಗೇ ಓಡಿತು.

ಸ್ವಲ್ಪ ಹೊತ್ತಿಗೆ ಕೋಣೆಯಿಂದ ನೆಮ್ಮದಿಯಾಗಿ ಹೊರಬಂದು ಅಂಗಳಕ್ಕೆ ಹೋದ. ತನ್ನ ಮಾಮೂಲಿ ಚಡ್ಡಿ ಹಾಕಿಕೊಂಡಿದ್ದ. ಅಕ್ಕನ ಪಕ್ಕದ ಮನೆಯವರು ಕಾಫಿಗೆ ಬಂದು ಜಗಲಿಯಲ್ಲಿ ಕೂತಿದ್ದರು. ಅವರೆಲ್ಲ ಅಂಗಳದ ಕಡೆಗೇ ನೋಡುತ್ತಿದ್ದಾರಲ್ಲ ಎಂದು ನಾನೂ ನೋಡಿದೆ. ಭಾವನ ಬಿಳೀ ಪಂಚೆಯ ಪಕ್ಕದಲ್ಲಿ, ಎರಡು ಕ್ಲಿಪ್ಪು ಹಾಕಿ ಅಚ್ಚುಕಟ್ಟಾಗಿ, ಮಗ ಡೈಪರನ್ನು ಒಣಗಲು ಹಾಕಿದ್ದ.

ನನಗೆ ಅಳು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಅಕ್ಕ ಮಾತ್ರ ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಲ್ಲ ಕಣೇ, ಚಪ್ಲಿ ತಗಳಕ್ಕೆ ಅವನ್ನ ಅಂಗಡೀಗೆ ಕರ್ಕಂಡೋಯ್ತೀಯ. ಇದನ್ನ ತಗಳಕ್ಕೆ ಯಾಕೆ ಅವನ್ನ ಬುಟ್ಬುಟ್ಟು ಓಯ್ತೀಯ? ಆಕ್ಕಳೋನು ಅವನಲ್ವಾ?"

ಮನೆಯ ಎಲ್ಲರೂ ಅಭಿಪ್ರಾಯ ಹೇಳಿದ್ದ ವಿಷಯದಲ್ಲಿ ಅವನೊಬ್ಬನನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳಿದ್ದೆವು.

ರಜೆ ಮುಗಿಯುವ ಮೊದಲೇ ನಮ್ಮವರ ಹಳೇ ವ್ಯಾನಿನಲ್ಲಿ ಹಾಸನಕ್ಕೆ ಹೊರಟೆವು. ಅತ್ತೆ ತಾವೂ ಬರುತ್ತೇನೆಂದು ಮುಂದಿನ ಸೀಟಿನಲ್ಲಿ ಮೊದಲೇ ಕೂತಿದ್ದರು. ಆಸ್ಪತ್ರೆಗೆ ಹೋಗುವ ರಸ್ತೆಯಲ್ಲಿ ಗಾಲಿಕುರ್ಚಿ, ವಾಕರ್, ಊರುಗೋಲು ಮಾರುವ ಅಂಗಡಿಯೊಂದಿದೆ. ನಡೆಸುತ್ತಿದ್ದವರು ನಡುವಯಸ್ಸಿನ ಹೆಂಗಸು. ಬೆಳಗ್ಗೆ ಬೇಗನೆ ಹೋದದ್ದರಿಂದ ಗಿರಾಕಿಗಳಿರಲಿಲ್ಲ. ನಾನು ವಿಷಯ ಹೇಳಿದೆ. ಅವರು ವಯಸ್ಸು ಕೇಳಲಿಲ್ಲ. ಟೇಪು ತೆಗೆದು, "ಸೊಂಟ, ತೊಡೆ ಎರಡೂ ಅಳೀಬೇಕು ಮೇಡಮ್," ಅಂದರು.

ಟೇಪು ನೋಡಿದ್ದೇ ಮಗ ಗಾಲಿಕುರ್ಚಿಯ ಹಿಂದೆ ಸರಿದ. ಅತ್ತೆ ತಕ್ಷಣ ಮುಂದೆ ಬಂದು ಎರಡೂ ಕೈ ಮೇಲೆತ್ತಿ ನಿಂತರು.

"ಮೊದ್ಲು ನಂಗ್ ಅಳೀರಿ ತಾಯಿ. ಎಂಗಿದ್ರೂ ನನ್ನೆಸ್ರಲ್ಲಿ ತಗಂಡಿರದು ಐತೆ."

ಅಂಗಡಿಯಾಕೆ ಕಕ್ಕಾಬಿಕ್ಕಿಯಾಗಿ ಅಳೆದರು. ಅಜ್ಜಿಯ ಸುತ್ತ ಟೇಪು ಸುತ್ತುವುದು ನೋಡಿ ಮಗನಿಗೆ ನಗು ಬಂತು. ಅಜ್ಜಿ ಆದಮೇಲೆ ಅಪ್ಪ. ಅಪ್ಪನ ಹೊಟ್ಟೆಗೆ ಟೇಪು ಸಾಕಾಗುತ್ತದೋ ಇಲ್ಲವೋ ಎಂದು ಅವನು ಹತ್ತಿರವೇ ಬಂದು ನಿಂತ. ಮೂರನೆಯವನಾಗಿ ತಾನೇ ಕೈ ಎತ್ತಿದ.

ಒಡೆದ ಪ್ಯಾಕೆಟ್ಟುಗಳಿಂದ ಬಿಡಿಯಾಗಿ ತೆಗೆದ ಬೇರೆ ಬೇರೆ ಬಗೆಯವನ್ನು ಅಂಗಡಿಯಾಕೆ ಮೇಜಿನ ಮೇಲೆ ಹರಡಿದರು. ಯಾವುದು ಎಷ್ಟು ಹೀರುತ್ತದೆ ಎಂದು ನನಗೆ ವಿವರಿಸುತ್ತಿದ್ದರು. ಮಗನಿಗೆ ಆ ಮಾತು ಬೇಕಿರಲಿಲ್ಲ. ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಹಿಚುಕಿದ. ಕೆಳಗಿಟ್ಟ. ಇನ್ನೊಂದು. ಅದನ್ನೂ ಇಟ್ಟ. ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಆರಿಸುವವರ ಗಾಂಭೀರ್ಯ ಅವನ ಮುಖದಲ್ಲಿತ್ತು. ಕೊನೆಗೆ ಚಡ್ಡಿಯ ಹಾಗೆಯೇ ಏರಿಸಿಕೊಳ್ಳುವ, ಬಟ್ಟೆಯಂಥ ಹೊರಮೈಯ ಒಂದನ್ನು ಬಹಳ ಹೊತ್ತು ಹಿಚುಕಿ, ಕೆನ್ನೆಗೂ ಒತ್ತಿ ನೋಡಿ, ಎದೆಗೆ ಹಿಡಿದುಕೊಂಡು, "ಚಡ್ಡಿ," ಅಂದ.

"ಇದ್ರ ಮೇಲೆ ಅವನದೇ ಕಾಟನ್ ಚಡ್ಡಿ ಬಿಗಿಯಾಗಿ ಹಾಕಿ ಮೇಡಮ್, ಜಾರಲ್ಲ," ಅಂದರು ಅಂಗಡಿಯಾಕೆ.

ಪರದೆಯ ಹಿಂದೆ ಅಪ್ಪನ ಜೊತೆ ಹೋದ. ಅಪ್ಪ ಸುಮ್ಮನೆ ನಿಂತರಂತೆ, ಅವನೇ ಹಾಕಿಕೊಂಡನಂತೆ. ಹೊರಗೆ ಬಂದು ಒಂದು ಸಲ ಎಗರಿದ. ತಲೆ ವಾಲಿಸಿ ಕೇಳಿದ. ಅಂಗಡಿಯ ಈ ತುದಿಯಿಂದ ಆ ತುದಿಗೆ ಓಡಿ ಮತ್ತೆ ಕೇಳಿದ.

"ಸದ್ದಿಲ್ಲ," ಅಂದ.

ನಮ್ಮವರು ತಿರುಗಿಕೊಂಡು, ಅಲ್ಲಿದ್ದ ಒಂದು ವಾಕರ್‌ನ ಸ್ಕ್ರೂ ಬಿಗಿ ಮಾಡತೊಡಗಿದರು. ಅದು ಬಿಗಿಯಾಗಿಯೇ ಇತ್ತು.

ನಾವು ಮೂವರೂ ಒಟ್ಟಿಗೆ ಹೋದ ಮೊದಲ ಸಮಾರಂಭ ಚನ್ನರಾಯಪಟ್ಟಣದಲ್ಲಿ, ನಮ್ಮವರ ಸೋದರತ್ತೆಯ ಮಗನ ಗೃಹಪ್ರವೇಶ. ಅತ್ತೆ ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದರು. ನಾನು ಒಂದು ಚೀಲದಲ್ಲಿ ಬದಲಿ ಚಡ್ಡಿ, ಬಟ್ಟೆ, ಬಳಸಿದ್ದನ್ನು ಸುತ್ತಿಡಲು ಕಾಗದ, ಕವರು ಎಲ್ಲ ಇಟ್ಟುಕೊಂಡಿದ್ದೆ. ಹೋದ ಕೂಡಲೇ ಬಚ್ಚಲುಮನೆ ಎಲ್ಲಿ ಎಂದು ಕೇಳಿಟ್ಟುಕೊಂಡೆ. ಮಗ ಓಲಗ ನಿಲ್ಲುವವರೆಗೆ ಅಪ್ಪನ ಜೊತೆ ವ್ಯಾನಿನಲ್ಲಿ ಕೂತಿದ್ದು, ಆಮೇಲೆ ಒಳಗೆ ಬಂದ. ಪಂಕ್ತಿಯಲ್ಲಿ ಕೂತು ಒಬ್ಬಟ್ಟು ಹಾಕಿಸಿಕೊಂಡ, ಮತ್ತೆ ಹಾಕಿಸಿಕೊಂಡ. ಊಟವಾದ ಮೇಲೆ ನಾವು ಅಭ್ಯಾಸಬಲದಿಂದ ಎದ್ದು ಚಪ್ಪಲಿ ಹುಡುಕಿದೆವು. ಆಮೇಲೆ ಹೊಳೆಯಿತು, ಹೋಗಬೇಕಾದ್ದೇ ಇಲ್ಲ ಎಂದು. ಉಂಡ ಜನ ಜಮಖಾನದ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಯಾರ ಮಗಳಿಗೆ ಎಲ್ಲಿ ಗಂಡು ನೋಡುತ್ತಿದ್ದಾರೆ ಎಂದು ಮಾತಾಡುತ್ತಾರೆ ಎಂಬುದೇ ನಮಗೆ ಮರೆತುಹೋಗಿತ್ತು. ನಾವೂ ಕೂತೆವು. ಎಷ್ಟು ಸುಖವಾಗಿತ್ತು ಎಂದರೆ, ನನಗೆ ಗೊತ್ತೇ ಇಲ್ಲದ ಒಂದು ಹುಡುಗಿಯ ಮದುವೆಯ ಬಗ್ಗೆ ನಾನೂ ಸಲಹೆ ಕೊಟ್ಟೆ.

ಮಗನಿಗೆ ಬದಲಿಸಿ ಬಚ್ಚಲಿನಿಂದ ಹೊರಬರುವಾಗ ಆ ಮನೆಯ ದೊಡ್ಡ ಸೊಸೆ ಹಿತ್ತಿಲ ಬಾಗಿಲಲ್ಲಿ ಕಾಯುತ್ತಿದ್ದಳು. ನನ್ನ ಚೀಲವನ್ನೇ ನೋಡುತ್ತಿದ್ದಳು.

"ಅಕ್ಕ, ಅದು ಎಲ್ ಸಿಕ್ತದೆ?"

"ಯಾರಿಗೆ?" ಅಂದವಳು, ಮೆಡಿಕಲ್ಲಿನವರ ಹಾಗೆಯೇ ಕೇಳಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

"ನಮ್ ಮಗೀಗೆ. ಮೇಲ್ ರೂಮಲ್ಲವಳೆ. ಉಷಾರಿಲ್ಲ ಅಂತ ಎಲ್ರಿಗೂ ಯೋಳಿವ್ನಿ."

ಅವಳ ಮಗಳಿಗೂ ಆಟಿಸಂ ಎಂದು ನಮಗೆ ಗೊತ್ತಿತ್ತು. ಹದಿನಾಲ್ಕು ವರ್ಷದ ಆ ಹುಡುಗಿಯನ್ನು ನಾವು ನೋಡಿಯೇ ಎಷ್ಟೋ ಕಾಲವಾಗಿತ್ತು. ಚೀಲದಲ್ಲಿ ಉಳಿದದ್ದನ್ನೆಲ್ಲ ಅವಳ ಕೈಗಿಟ್ಟು, ಹಾಸನದ ಅಂಗಡಿಯ ಗುರುತು ಹೇಳತೊಡಗಿದೆ. ಹಿಂದೆಯೇ ಬಂದ ಅತ್ತೆ, "ಗುರ್ತು ಗಿರ್ತು ಬ್ಯಾಡ. ಭಾನುವಾರ ಮಗೀನ ಕರ್ಕಂಡು ಆಸನಕ್ಕೆ ಬಾ. ನಾವೂ ಬತ್ತೀವಿ," ಎಂದು ತೀರ್ಮಾನಿಸಿಬಿಟ್ಟರು.

ಭಾನುವಾರ ಅವರು ಬಂದರು. ಅಂಗಡಿಯಾಕೆ ಮತ್ತೆ ಎಲ್ಲವನ್ನೂ ಮೇಜಿನ ಮೇಲೆ ಹರಡಿದರು. ನನ್ನ ಮಗನಿಗೆ ಒಪ್ಪಿದ್ದನ್ನು ನಾನು ಹೆಮ್ಮೆಯಿಂದ ಹುಡುಗಿಯ ಮುಂದಿಟ್ಟೆ. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಹಾಕಿದಳು. ಸೊಂಟದ ಎರಡೂ ಕಡೆ ಅಂಟಿಸುವ ಬಗೆಯೊಂದನ್ನು ತೆಗೆದುಕೊಂಡು ಪಟ್ಟಿ ಎಳೆದಳು. ಪರ್ರ್ ಎಂದಿತು. ಅವಳ ಮುಖ ಅರಳಿತು. ಮತ್ತೆ ಅಂಟಿಸಿ ಎಳೆದಳು. ನನ್ನ ಮಗ ಕಿವಿ ಮುಚ್ಚಿಕೊಂಡು ವ್ಯಾನಿಗೆ ಹೋಗಿ ಬಾಗಿಲು ಹಾಕಿಕೊಂಡ.

ಹುಡುಗಿಯ ಅಮ್ಮ ನನ್ನ ಮುಖ ನೋಡಿದಳು. ನನಗೆ ನಗು ಬಂತು, ಅವಳೂ ನಕ್ಕಳು. "ಅವ್ಳಿಗೆ ಅದೇ ಕೊಡಿ," ಅಂದಳು.

ಈಗ ನಮ್ಮ ಮಗ ಮನೆಯಲ್ಲಿ ಎಷ್ಟೋ ಸಲ ತಾನೇ ಬಚ್ಚಲಿಗೆ ಹೋಗುತ್ತಾನೆ. ಹೊರಗೆ ಹೊರಟಾಗ ತನ್ನ ಚಡ್ಡಿ ತಾನೇ ತೆಗೆದುಕೊಳ್ಳುತ್ತಾನೆ. ಅವನು ಬೆಳೆದ ಹಾಗೆಲ್ಲ ಮತ್ತೆ ಅಳತೆಗೆ ಹಾಸನಕ್ಕೆ ಹೋಗಬೇಕು. ಆಗೆಲ್ಲ ಎರಡೂ ಮನೆಯವರು ಸೇರಿಕೊಂಡು, ಅಂಗಡಿಯ ಕೆಲಸ ಮುಗಿಸಿ ಮಸಾಲೆ ದೋಸೆ ತಿನ್ನಲು ಹೋಗುತ್ತೇವೆ. ಮಗ ಈ ತುದಿಯ ಮೇಜಿನಲ್ಲಿ, ಹುಡುಗಿ ಆ ತುದಿಯ ಮೇಜಿನಲ್ಲಿ. ಒಬ್ಬರ ಸದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ದೋಸೆ ಮಾತ್ರ ಇಬ್ಬರದೂ ಖಾಲಿ.