ಸಿಂಕಿನ ಕೆಳಗೆ ಸಿಕ್ಕ ಲೈನು

ಎಕ್ಸ್‌ಚೇಂಜ್ ಅಜ್ಜಿಗೆ ಆ ಹೆಸರು ಬಂದದ್ದು ಅವರ ಕೆಲಸದಿಂದ. ಫೋನ್ ಮಾಡಬೇಕಾದರೆ ನಡುವೆ ಒಬ್ಬರು ಕೂತು ತಂತಿ ಜೋಡಿಸಿಕೊಡಬೇಕಿದ್ದ ಕಾಲದಲ್ಲಿ ಅವರು ಟೆಲಿಫೋನ್ ಆಪರೇಟರ್ ಆಗಿದ್ದರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿನ ಹಲಗೆಯ ತೂತುಗಳಿಗೆ ತಂತಿ ಚುಚ್ಚುತ್ತಾ, ಊರಿನವರ ಜಗಳ, ಮದುವೆ ಮಾತುಕತೆ, ಸುಳ್ಳು, ಅಳು ಎಲ್ಲವನ್ನೂ ಈ ಕಡೆಯಿಂದ ಆ ಕಡೆಗೆ ದಾಟಿಸಿದವರು. ಗಿರಾಕಿಗಳ ಮಾತು ಕೇಳಿಸಿಕೊಳ್ಳಬಾರದು ಎಂಬ ನಿಯಮವಿತ್ತು. ಅಜ್ಜಿ ಆ ನಿಯಮವನ್ನು ಬಾಯಿಗೆ ಮಾತ್ರ ಅನ್ವಯಿಸಿಕೊಂಡಿದ್ದರು. ಕೇಳಿದ್ದನ್ನು ಯಾರ ಮುಂದೆಯೂ ಬಿಚ್ಚಿದವರಲ್ಲ. ಇನ್ನು ಕಿವಿ, ಅದೇನು ಮುಚ್ಚಳ ಇರುವ ಡಬ್ಬಿಯೇ?

ನಿವೃತ್ತಿಯಾಗಿ ಮಗನ ಮನೆಗೆ, ಎರಡನೇ ಮಹಡಿಗೆ, ಬಂದ ಮೇಲೆ ಆ ಕಿವಿಗೆ ಕೆಲಸವೇ ಇಲ್ಲದಂತಾಯಿತು. ಮಗ ಹುಟ್ಟಾ ಮೌನಿ. ಸೊಸೆಗೆ ಗ್ರಂಥಾಲಯದಲ್ಲಿ ಕೆಲಸ. ದಿನವಿಡೀ ಬೇರೆಯವರಿಗೆ 'ಶ್' ಅಂದೂ ಅಂದೂ ರೂಢಿಯಾಗಿ ಮನೆಯಲ್ಲೂ ಪಿಸುಗುಟ್ಟುತ್ತಲೇ ಮಾತಾಡುತ್ತಿದ್ದಳು. ಟೀವಿಯವರು ಕಿರುಚುತ್ತಿದ್ದರು, ಆದರೆ ಅವರಿಗೆ ಗುಟ್ಟೆನ್ನುವುದೇ ಇರಲಿಲ್ಲ. ಗುಟ್ಟಿಲ್ಲದ ಮಾತಿನಲ್ಲಿ ಅಜ್ಜಿಗೆ ರುಚಿ ಹತ್ತುತ್ತಿರಲಿಲ್ಲ.

ಹೀಗಿರುವಾಗ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತು. ಪಾತ್ರೆ ತೊಳೆದ ನೀರು ಇಳಿಯದೆ, ಮೇಲೆ ಎಣ್ಣೆಯ ಕಣ್ಣುಗಳನ್ನು ತೇಲಿಸಿಕೊಂಡು ನಿಂತಿತು. ಮಗ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸತೊಡಗಿದ.

"ರೀ, ಕೆಳಗಿರೋದು ಪ್ಲಾಸ್ಟಿಕ್ ಪೈಪು," ಎಂದು ಸೊಸೆ ಪಿಸುಗುಟ್ಟಿದಳು.

"ಬಿಸಿನೀರಿಗೆ ಜಿಡ್ಡು ಕರಗತ್ತೆ, ಸುಮ್ನಿರು," ಎಂದ ಮಗ. ಆ ವಾರ ಅವನು ಆಡಿದ ಅತಿ ಉದ್ದದ ಮಾತು ಅದು.

ಕುದಿಯುವ ನೀರು ಹುಯ್ದದ್ದೇ ಸಿಂಕಿನ ಕೆಳಗಿನ ಪೈಪು ಮೆತ್ತಗಾಗಿ ಸೊಟ್ಟ ಮೂತಿ ಮಾಡಿತು. ಜಾಯಿಂಟಿನಿಂದ ನೀರು ತೊಟ್ಟಿಕ್ಕತೊಡಗಿತು. ಜಿಡ್ಡು ಮಾತ್ರ ಕೂತಲ್ಲಿಂದ ಕದಲಲಿಲ್ಲ. ಮಗ ಮುಖ ಒರೆಸಿಕೊಂಡು, "ಪ್ಲಂಬರ್‌ಗೆ ಹೇಳ್ತೀನಿ," ಎಂದು ಆಫೀಸಿಗೆ ಜಾರಿಕೊಂಡ.

"ಪ್ಲಂಬರ್ ಯಾಕೆ? ನಾನೇನು ಸತ್ತಿದೀನಾ?" ಎಂದರು ಅಜ್ಜಿ.

ಎಲ್ಲರೂ ಹೊರಟ ಮೇಲೆ ಸಿಂಕಿನ ಕೆಳಗಿನ ಬುಟ್ಟಿ, ಸೋಪಿನ ಪುಡಿ, ಹಳೇ ಪೇಪರು ಎಲ್ಲ ಹೊರಗೆ ತೆಗೆದರು. ಬಾಗಿದ ಪೈಪಿನ ಅಡಿಗೆ ಬಕೆಟ್ ಇಟ್ಟರು. ಪ್ಲಾಸ್ಟಿಕ್ ನಟ್ಟಿಗೆ ಇಕ್ಕಳ ಹಾಕಿದರೆ ಬಿರುಕು ಬಿಡುತ್ತದೆಂದು, ಒಣಬಟ್ಟೆ ಸುತ್ತಿ ಕೈಯಲ್ಲೇ ತಿರುಗಿಸಿದರು. ಅದು ಸಡಿಲವಾದ ಕೂಡಲೇ ಕಪ್ಪುನೀರು ದಬದಬ ಸುರಿಯಿತು. ಹಿಂದೆಯೇ ಬೆಣ್ಣೆಮುದ್ದೆಯಂಥ ಜಿಡ್ಡು, ಅದರ ಹೊಟ್ಟೆಯಲ್ಲಿ ಅನ್ನದ ಅಗುಳು, ಪಾತ್ರೆ ಉಜ್ಜುವ ನಾರಿನ ಚೂರುಗಳು. ಮೂಗು ಮುಚ್ಚಿಕೊಂಡರೂ ಅಜ್ಜಿಗೆ ಖುಷಿಯೋ ಖುಷಿ.

ಗೋಡೆಯೊಳಗಿನ ಪೈಪು ಸರಾಗವಾಗಿದೆಯೇ ನೋಡೋಣವೆಂದು ಅದರ ಬಾಯಿಗೆ ಮುಖ ಒಡ್ಡಿದಾಗ, ಒಳಗಿಂದ ಗಂಡಸಿನ ದನಿ ಬಂತು.

"ನೋಡು, ತಪ್ಪು ನಂದೇ. ಆದ್ರೆ..."

ಅಜ್ಜಿ ಬೆಚ್ಚಿ ಸಿಂಕಿಗೆ ತಲೆ ಬಡಿದುಕೊಂಡರು. ತಲೆ ಉಜ್ಜಿಕೊಂಡು ಮತ್ತೆ ಕಿವಿ ಇಟ್ಟರು. ಕೆಳಮನೆಯ ಡ್ರೈವಿಂಗ್ ಮೇಷ್ಟ್ರು! ಎರಡೂ ಅಡುಗೆಮನೆಯ ನೀರು ಇಳಿಯುವುದು ಒಂದೇ ಪೈಪಿನಲ್ಲಿ. ಊರಿಗೆಲ್ಲ ಕಾರು ಕಲಿಸುವ, ಬೀದಿ ತುಂಬ "ಬ್ರೇಕ್! ಬ್ರೇಕ್!" ಎಂದು ಅರಚುವ ಮೇಷ್ಟ್ರು ಒಬ್ಬರೇ ಅಡುಗೆಮನೆಯಲ್ಲಿ ನಿಂತು ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದರು.

ಅಜ್ಜಿ ಅದೇ ದಿನ ಅಂಗಡಿಗೆ ಹೋಗಿ ಹೊಸ ಬಾಗುಪೈಪು ತಂದರು. ತಂದು, ಬೀರುವಿನಲ್ಲಿ ತಮ್ಮ ಬಟ್ಟೆಗಳಡಿ ಬಚ್ಚಿಟ್ಟರು. ಸಂಜೆ ಮನೆಯವರಿಗೆ, "ಸರಿಯಾದ ವಾಷರ್ ಸಿಗ್ತಾ ಇಲ್ಲ. ಅಂಗಡಿಯವನು ಇವತ್ತು ನಾಳೆ ಅಂತಿದಾನೆ," ಎಂದರು. ಪಾತ್ರೆಗಳು ಬಚ್ಚಲುಮನೆಗೆ ವಲಸೆ ಹೋದವು. ನಾತ ಬರದಂತೆ ಗೋಡೆಯ ಪೈಪಿನ ಬಾಯಿಗೆ ಬಟ್ಟೆ ತುರುಕಿಟ್ಟು, ಬೇಕಾದಾಗ ಮಾತ್ರ ತೆಗೆಯುತ್ತಿದ್ದರು. ಯಾವಾಗ ಬೇಕಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಕಥೆ ಬೇಗ ಬಿಡಿಸಿಕೊಂಡಿತು. ಕೆಳಮನೆಯ ಅಡುಗೆಮನೆಯಲ್ಲಿ ತಿಂಗಳುಗಳಿಂದ ಏನೋ ಕೊಳೆತ ವಾಸನೆ. ನೀವು ತಿಂದು ಬಿಟ್ಟದ್ದೇ ಎಲ್ಲೋ ಕೊಳೆಯುತ್ತಿದೆ ಎಂದು ಹೆಂಡತಿ, ನಿನ್ನ ಆಸ್ಪತ್ರೆ ಚೀಲದ ವಾಸನೆಯೇ ಅದು ಎಂದು ಗಂಡ. ಹೆಂಡತಿ ನರ್ಸು; ಆ ಮಾತು ಅವಳಿಗೆ ನಾಟಿತು. ಅಂದಿನಿಂದ ಮಾತು ಬಂದ್. ಅವಳು ಅಕ್ಕನಿಗೆ ಫೋನ್ ಮಾಡಿ, "ಒಂದ್ಸಲ ತಪ್ಪಾಯ್ತು ಅಂದಿದ್ರೆ ಮುಗೀತಿತ್ತು," ಎನ್ನುವಳು. ಅವಳು ಡ್ಯೂಟಿಗೆ ಹೋದ ಮೇಲೆ ಇವರು ಸಿಂಕಿನ ಮುಂದೆ ನಿಂತು "ತಪ್ಪು ನಂದೇ, ಆದ್ರೆ," ಎನ್ನುವರು. ಎರಡೂ ಕಡೆ ಜನ ಫೋನ್ ಹಿಡಿದು ಕಾಯುತ್ತಿದ್ದಾರೆ, ನಡುವೆ ತಂತಿ ಚುಚ್ಚುವವರಿಲ್ಲ. ಹಳೇ ಆಪರೇಟರ್ ಆದ ಅಜ್ಜಿಯ ಕೈ ತುರಿಸತೊಡಗಿತು.

ಒಂದು ಮಧ್ಯಾಹ್ನ ಸೊಸೆ ಬೇಗ ಮನೆಗೆ ಬಂದಳು. ಅತ್ತೆಯ ಕಾಲುಗಳು ಸಿಂಕಿನ ಕೆಳಗಿಂದ ಚಾಚಿಕೊಂಡಿದ್ದವು.

"ಅಯ್ಯೋ ಅತ್ತೆ! ಬಿದ್ರಾ?"

"ಶ್!" ಎಂದರು ಅತ್ತೆ.

ಯಾರೋ ತನಗೇ 'ಶ್' ಅಂದದ್ದು ಸೊಸೆಯ ಬಾಳಿನಲ್ಲಿ ಮೊದಲು. ಬಗ್ಗಿ ನೋಡಿದಳು. ವಿಷಯ ಅರ್ಥವಾಯಿತು. ಸೊಂಟದ ಮೇಲೆ ಕೈ ಇಟ್ಟು, "ಬೇರೆಯವರ ಮನೆ ಮಾತು ಕೇಳ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಎಂದಳು.

"ಆಗತ್ತೆ."

ಸೊಸೆ ಚೀಲ ಕೆಳಗಿಟ್ಟಳು. "ಏನಂತೆ?" ಎಂದಳು. ಆಮೇಲೆ, "ಸ್ವಲ್ಪ ಸರೀರಿ," ಎಂದು ಪಕ್ಕದಲ್ಲೇ ಮಲಗಿದಳು.

ಕೆಳಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡು, ತಪ್ಪು ನಂದೇ. ಆದ್ರೆ..."

ಅಜ್ಜಿಗೆ ತಡೆಯಲಾಗಲಿಲ್ಲ. ಪೈಪಿಗೆ ಬಾಯಿ ಇಟ್ಟು, ಹಳೇ ಡ್ಯೂಟಿಯ ದನಿಯಲ್ಲಿ, "ಆ 'ಆದ್ರೆ'ನ ಬಿಟ್ಬಿಡಿ," ಎಂದರು.

ಕೆಳಗೆ ಪಾತ್ರೆಯೊಂದು ಬಿದ್ದು ಗಿರಗಿರ ಸುತ್ತಿ ನಿಂತಿತು.

"ಯಾ... ಯಾರು? ಎಲ್ಲಿಂದ ಮಾತಾಡ್ತಿದೀರಾ?"

"ಮೇಲಿಂದ."

ಕೆಳಗಿಂದ ಪಿಸುದನಿ ಬಂತು: "ದೇವ್ರೇ?"

"ಅಲ್ಲಪ್ಪಾ, ಎರಡನೇ ಮಹಡಿ."

ಸೊಸೆ ಕೈಗೆ ಸಿಕ್ಕ ಟವೆಲನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಹೊರಳಾಡಿದಳು.

ಅಜ್ಜಿ ಮಾತ್ರ ಗಂಭೀರವಾಗಿ, "ನಿಮ್ಮ ಸಿಂಕಿನ ಕೆಳಗೆ ಪೈಪು ಬಾಗಿದೆಯಾ, ನೇರ ಇದೆಯಾ? ನೋಡಿ ಹೇಳಿ," ಎಂದರು.

"ನೇರ ಗೋಡೆ ಒಳಗೆ ಹೋಗಿದೆ ಅಜ್ಜಿ."

"ಅಂದ್ಕೊಂಡೆ. ಬಾಗಿದ ಕಡೆ ನೀರು ನಿಲ್ಲಬೇಕು. ಆ ನೀರೇ ಮೋರಿ ವಾಸನೆ ತಡೆಯೋ ಬಾಗಿಲು. ನಿಮ್ಮ ಮನೇಲಿ ಬಾಗಿಲೇ ಇಲ್ಲ. ಚೀಲಾನೂ ಅಲ್ಲ, ಊಟಾನೂ ಅಲ್ಲ."

ಚೀಲದ ಮಾತು ಅಜ್ಜಿಗೆ ಹೇಗೆ ಗೊತ್ತೆಂದು ಯೋಚಿಸುವ ಸ್ಥಿತಿಯಲ್ಲಿ ಮೇಷ್ಟ್ರು ಇರಲಿಲ್ಲ. ಅಜ್ಜಿ ಬೀರು ತೆಗೆದು ಹೊಸ ಬಾಗುಪೈಪು ಎತ್ತಿಕೊಂಡರು. "ಓಹೋ, ವಾಷರ್ ಸಿಗ್ಲಿಲ್ಲ ಅಲ್ವಾ ಅತ್ತೆ?" ಎಂದು ಸೊಸೆ ಕೆಣಕಿದರೆ ಕೇಳಿಸದವರಂತೆ ಮೆಟ್ಟಿಲಿಳಿದರು.

ನರ್ಸಮ್ಮ ಡ್ಯೂಟಿ ಮುಗಿಸಿ ಬಂದಾಗ ಸಿಂಕಿನ ಕೆಳಗಿಂದ ಗಂಡನ ಕಾಲುಗಳೂ ಅಜ್ಜಿಯ ಕಾಲುಗಳೂ ಸಾಲಾಗಿ ಹೊರಗೆ ಚಾಚಿದ್ದವು.

"ಏನ್ರೀ ಇದು?"

ಮೇಷ್ಟ್ರು ಧಡಕ್ಕನೆ ಏಳಲು ಹೋಗಿ ತಲೆ ಬಡಿದುಕೊಂಡರು. "ತಪ್ಪು ನಂದೇ!" ಎಂದು ಕೂಗಿದರು. ಅಲ್ಲಿಗೇ ನಿಲ್ಲಿಸಿದರು.

"ಯಾವ ತಪ್ಪು? ಏನ್ ಒಡೆದು ಹಾಕಿದ್ರಿ?" ಎಂದಳು ನರ್ಸಮ್ಮ ಗಾಬರಿಯಿಂದ. ಅಷ್ಟು ದಿನದ ಮೇಲೆ ಹೆಂಡತಿ ಬೈದದ್ದಕ್ಕೆ ಮೇಷ್ಟ್ರ ಮುಖ ಅರಳಿತು. ಅಜ್ಜಿ ನಲ್ಲಿ ಬಿಟ್ಟು, ಜಾಯಿಂಟಿಗೆ ಬೆರಳು ಹಿಡಿದು, ಒದ್ದೆಯಾಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದರು.

ತಮ್ಮ ಮನೆಗೂ ಇನ್ನೊಂದು ಬಾಗುಪೈಪು ತಂದು ಸಂಜೆಯೊಳಗೆ ಕೂರಿಸಿದರು. ಸೊಸೆ ಪಕ್ಕದಲ್ಲಿ ನಿಂತು, "ಇನ್ನೂ ಒಂದೆರಡು ದಿನ ಹಾಗೇ ಬಿಡಬಹುದಿತ್ತೇನೋ," ಎಂದು ಪಿಸುಗುಟ್ಟಿದಳು.

ಆ ವಾರದ ಕೊನೆಗೆ ನರ್ಸಮ್ಮ ಬಟ್ಟಲು ತುಂಬ ಹಣ್ಣು ಹೆಚ್ಚಿಕೊಂಡು ಮೇಲೆ ಬಂದಳು. ಕೂತಳು, ಅಡುಗೆಮನೆಯ ವಾಸನೆ ಹೋಯಿತೆಂದಳು, ಮತ್ತೆ ಬಟ್ಟಲನ್ನೇ ನೋಡುತ್ತಾ ಕೇಳಿದಳು:

"ಅಜ್ಜಿ, ನಾನು ಅಕ್ಕನ ಜೊತೆ ಫೋನಲ್ಲಿ ಮಾತಾಡಿದ್ದು... ಅದೂ ನಿಮಗೆ ಕೇಳಿಸ್ತಿತ್ತಾ?"

"ಛೇ, ಛೇ. ಏನೂ ಕೇಳಿಸ್ಲಿಲ್ಲ ಕಣಮ್ಮ," ಎಂದರು ಅಜ್ಜಿ, ಹಣ್ಣಿನ ಹೋಳೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾ. "ಅದರಲ್ಲೂ ಮೇಲ್ಮನೆ ಮುದುಕಿ ಕಿವಿ ಬಲು ಉದ್ದ ಅಂದ್ಯಲ್ಲ, ಅದಂತೂ ಒಂಚೂರೂ ಕೇಳಿಸ್ಲಿಲ್ಲ."